ಮಳೆಗಾಲದಲ್ಲಿ ಶಾರ್ಟ್ ಮಾಡುವವರು ಮೊದಲು ಸ್ಟಾಪ್‌ಲಾಸ್ ಹಾಕಿ

ತೀರ್ಥಹಳ್ಳಿ, ಹೊಸನಗರದ ಕಡೆ ಕೂತು ಇಂಟ್ರಾಡೇ (ಅದೇ ದಿನ ಕೊಂಡು-ಮಾರಿ ಮುಗಿಸುವ ಷೇರು ವ್ಯವಹಾರ) ಮಾಡುವವರಿಗೆ ಗೊತ್ತಲ್ಲ, ಗಾಳಿ ಜೋರಾದರೆ ಕರೆಂಟ್ ಹೋಗುತ್ತದೆ, ಹಿಂದೆಯೇ ಟವರೂ ಹೋಗುತ್ತದೆ. ಶಾರ್ಟ್ ಅಂದರೆ ಕೈಯಲ್ಲಿಲ್ಲದ ಷೇರನ್ನು ಮೊದಲು ಮಾರಿ, ಬೆಲೆ ಇಳಿದ ಮೇಲೆ ಅದೇ ದಿನ ಕೊಳ್ಳುವುದು. ಹಾಗೆ ಮಾರಿಟ್ಟು ವಾಪಸ್ ಕೊಳ್ಳಲು ಆಗದಿದ್ದರೆ ಕಷ್ಟ ಅಲ್ವಾ?

ಹಾಗಾಗಿ ಮಾರಿದ ತಕ್ಷಣ ಬೈ ಸ್ಟಾಪ್‌ಲಾಸ್ ಹಾಕಿಬಿಡಿ, ಅಂದರೆ ಬೆಲೆ ಏರಿದರೆ ನಷ್ಟ ಬೆಳೆಯದಂತೆ ತಾನಾಗಿ ಕೊಳ್ಳುವ ಆರ್ಡರ್. 500 ರೂಪಾಯಿಗೆ 100 ಷೇರು ಮಾರಿದ್ದೀರಿ ಅಂದುಕೊಳ್ಳಿ. ಟ್ರಿಗರ್ 505, ಲಿಮಿಟ್ 506, ಅಂದರೆ ಬೆಲೆ 505 ಮುಟ್ಟಿದರೆ ಆರ್ಡರ್ ಚಾಲೂ ಆಗುತ್ತದೆ, 506ಕ್ಕಿಂತ ಹೆಚ್ಚು ಕೊಟ್ಟು ಕೊಳ್ಳುವುದಿಲ್ಲ. ನಿಮ್ಮ ಫೋನ್ ಆಫ್ ಆದರೂ ಆರ್ಡರ್ ಎಕ್ಸ್‌ಚೇಂಜ್‌ನಲ್ಲಿ ಕೂತಿರುತ್ತದೆ. ಬೆಲೆ ಒಂದೇ ಏಟಿಗೆ 506 ದಾಟಿದರೆ ಮಾತ್ರ ಆಗದೆ ಉಳಿಯಬಹುದು. ಲಾಭ ಬಂದು ನೀವೇ ಕೊಂಡು ಮುಗಿಸಿದರೆ ಆ ಸ್ಟಾಪ್‌ಲಾಸ್ ಕ್ಯಾನ್ಸಲ್ ಮಾಡಿ. ಇಲ್ಲದಿದ್ದರೆ ಆಮೇಲೆ ಅದು ಟ್ರಿಗರ್ ಆಗಿ, ಬೇಡದ 100 ಷೇರು ತಲೆಗೆ ಕಟ್ಟುತ್ತದೆ.

ಈ 50,000ದ ವ್ಯವಹಾರಕ್ಕೆ ಕೆಲವು ಷೇರುಗಳಲ್ಲಿ 10,000 ಮಾರ್ಜಿನ್ (ನೀವು ಕೈಯಿಂದ ಇಡಬೇಕಾದ ಹಣ) ಸಾಕು. ಖುಷಿಯ ವಿಷಯವೇನಲ್ಲ. ಬೆಲೆ ಶೇ. 2 ಏರಿದರೆ ನಿಮ್ಮ ದುಡ್ಡಲ್ಲಿ ಶೇ. 10 ಹೋಯಿತು. 2022-23ರಲ್ಲಿ ಇಂಟ್ರಾಡೇ ಮಾಡಿದ 10 ಜನರಲ್ಲಿ 7 ಜನ ಕಳೆದುಕೊಂಡರು ಎಂದು ಷೇರುಪೇಟೆಯ ನಿಯಂತ್ರಕ ಸೆಬಿಯೇ ಹೇಳಿದೆ.

ಸಣ್ಣ ಕಂಪನಿ ಷೇರುಗಳ ತಂಟೆಗೆ ಹೋಗಲೇಬೇಡಿ. ಅಪ್ಪರ್ ಸರ್ಕ್ಯೂಟ್ ಬಿದ್ದರೆ (ಬೆಲೆ ಆ ದಿನ ಏರಬಹುದಾದ ಮಿತಿ ಮುಟ್ಟಿದರೆ) ಮಾರುವವರೇ ಇರುವುದಿಲ್ಲ, ಸ್ಟಾಪ್‌ಲಾಸ್ ಇದ್ದೂ ಉಪಯೋಗವಿಲ್ಲ. ಮನೆಯಲ್ಲಿ ಇಲ್ಲದ ಅಡಿಕೆಯನ್ನು ಮಂಡಿಯಲ್ಲಿ ಮಾರಿ ಬಂದ ಹಾಗೆ. ನೀವು ಕೊಡಲಾಗದ ಷೇರನ್ನು ಎಕ್ಸ್‌ಚೇಂಜ್‌ನವರು ಹರಾಜಿನಲ್ಲಿ ಕೊಂಡು ನಿಮ್ಮಿಂದ ಕೊಂಡವರಿಗೆ ಕೊಡುತ್ತಾರೆ, ಜಾಸ್ತಿಯಾದ ಬೆಲೆ, ದಂಡ ಎರಡೂ ನಿಮ್ಮ ಖಾತೆಗೇ. ಎಫ್ ಅಂಡ್ ಓ (ಫ್ಯೂಚರ್ಸ್ ಅಂಡ್ ಆಪ್ಷನ್ಸ್ ವಹಿವಾಟು ಇರುವ) ಪಟ್ಟಿಯ ಷೇರುಗಳಿಗೆ ಇಂಥ ಸ್ಥಿರ ಸರ್ಕ್ಯೂಟ್ ಇಲ್ಲ, ಅಲ್ಲೇ ಇರಿ.

ಇನ್ನೊಂದು, ಮಧ್ಯಾಹ್ನ 3ರೊಳಗೆ ನೀವೇ ಮುಗಿಸಿ. ತಡವಾದರೆ ಬ್ರೋಕರೇ ಮುಗಿಸುತ್ತಾರೆ, ಅದಕ್ಕೆ ಬೇರೆ ಶುಲ್ಕ ಹಾಕುವವರೂ ಇದ್ದಾರೆ.