ಹಳೇ ಬೈಕಿಗೆ ಪೇಂಟ್ ಆಮೇಲೆ, ಮೊದಲು ಟ್ಯಾಂಕ್ ತೊಳೆಯಿರಿ

ಬಿದ್ದು ಪೆಟ್ಟಾದ ಸೆಕೆಂಡ್ ಹ್ಯಾಂಡ್ ಬೈಕು ಅಗ್ಗಕ್ಕೆ ಸಿಕ್ಕ ಕೂಡಲೇ ನಮ್ಮ ಹುಡುಗರು ಮ್ಯಾಟ್ ಬ್ಲ್ಯಾಕ್ ಸ್ಪ್ರೇ ಡಬ್ಬಿ ತರುತ್ತಾರೆ. ವಾರ ಮಿರಮಿರ ಮಿಂಚಿದ ಗಾಡಿ ಆಮೇಲೆ ದಾರಿಯಲ್ಲಿ ಕೈಕೊಡುತ್ತದೆ. ಟ್ಯಾಂಕಿನೊಳಗಿನ ತುಕ್ಕು ಕಾರ್ಬೊರೇಟರ್‌ಗೆ ಇಳಿದು, ಪೆಟ್ರೋಲ್ ಹಾಯುವ ಸಣ್ಣ ತೂತು, ಅಂದರೆ ಜೆಟ್ ಕಟ್ಟಿರುತ್ತದೆ.

ಕೊಳ್ಳುವಾಗಲೇ ಇಂಜಿನ್, ಚಾಸಿ ನಂಬರ್ ಆರ್‌ಸಿಗೆ ಹೋಲಿಸಿ ನೋಡಿ. ಹೆಸರು ಬದಲಿಸಲು ಫಾರ್ಮ್ 29, 30 ಬೇಕು. ಸಾಲ ತೀರಿದ ಗಾಡಿಯಾದರೆ ಫಾರ್ಮ್ 35 ಕೂಡ. ಸೊಲ್ಲಾಪುರ, ಹೈದರಾಬಾದ್ ಕಡೆಯ ಗಾಡಿಗೆ ಅಲ್ಲಿಯ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇಲ್ಲದೆ ನಮ್ಮ ಕಲಬುರಗಿಯ ಕೆಎ-32 ನಂಬರ್ ಸಿಗುವುದಿಲ್ಲ. ಚಾಸಿ ಬಾಗಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಬಿಚ್ಚುವಾಗ ಮೊಬೈಲ್‌ನಲ್ಲಿ ಫೋಟೊ ತೆಗೆಯುತ್ತಾ ಹೋಗಿ. ಮಡ್‌ಗಾರ್ಡ್ ಅಡಿಯ ಎರೆಮಣ್ಣು ಪೂರ್ತಿ ಕೆರೆಯಿರಿ. ಅದು ತೇವ ಹಿಡಿದಿಟ್ಟುಕೊಂಡು ತಗಡು ತಿನ್ನುತ್ತದೆ.

ಈಗ ಟ್ಯಾಂಕ್. ಪೆಟ್ರೋಲ್ ಬಯಲಲ್ಲಿ ಖಾಲಿ ಮಾಡಿ, ಹತ್ತಿರ ಬೀಡಿ, ಬೆಂಕಿ ಯಾವುದೂ ಬೇಡ. ಖಾಲಿಯಾಯಿತು ಅಂತ ಧೈರ್ಯ ಮಾಡಬೇಡಿ, ಒಳಗೆ ಉಳಿದ ಆವಿ ಕಿಡಿ ತಾಗಿದರೆ ಸಿಡಿಯುತ್ತದೆ. ತೂತಿದ್ದರೆ ಮನೆಯಲ್ಲಿ ವೆಲ್ಡಿಂಗ್ ಬೇಡವೇ ಬೇಡ.

ಕಾಕ್ (ಟ್ಯಾಂಕಿನ ಅಡಿಯ ಪೆಟ್ರೋಲ್ ನಲ್ಲಿ), ಪೆಟ್ರೋಲ್ ಮೀಟರಿನ ಫ್ಲೋಟ್ ಬಿಚ್ಚಿ ಆ ತೂತುಗಳನ್ನು ಮುಚ್ಚಿ. ಸೋಪಿನ ಪುಡಿ ನೀರು, ಒಂದು ಹಿಡಿ ನಟ್ ಬೋಲ್ಟ್ ಹಾಕಿ ಚೆನ್ನಾಗಿ ಕುಲುಕಿ. ಸಡಿಲ ತುಕ್ಕು ಬರುತ್ತದೆ, ಎಣ್ಣೆ ಜಿಡ್ಡೂ ಹೋಗುತ್ತದೆ. ಜಿಡ್ಡು ಉಳಿದರೆ ಮುಂದಿನದು ಸುಮ್ನೆ ದಂಡ. ನಟ್‌ಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ.

ಆಮೇಲೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್ ಪುಡಿ. ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಕರಗಿಸಿ, ಟ್ಯಾಂಕ್ ಕಂಠದವರೆಗೆ ತುಂಬಿಸಿ. ಅರ್ಧ ತುಂಬಿಸಿದರೆ ಮೇಲ್ಭಾಗದ ತುಕ್ಕು ಹಾಗೇ ಉಳಿಯುತ್ತದೆ. ಗ್ಯಾಸ್ ಏಳುವುದರಿಂದ ಮುಚ್ಚಳ ಬಿಗಿ ಮಾಡಬೇಡಿ. ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಟಾರ್ಚ್ ಹಾಕಿ ನೋಡಿ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಬೇಗ ಕೆಲಸ ಮಾಡುತ್ತದೆ ಅಂತ ಹೇಳುವವರ ಮಾತು ಕೇಳಬೇಡಿ, ಅದು ತಗಡನ್ನೇ ತಿನ್ನುತ್ತದೆ. ಇನ್ನೊಂದು, ಈ ಕೆಲಸ ಶಹಾಬಾದ್ ಪರ್ಸಿ (ನೆಲಕ್ಕೆ ಹಾಸುವ ಕಲ್ಲು) ಮೇಲೆ ಬೇಡ. ಅದು ಸುಣ್ಣದ ಕಲ್ಲು. ನಿಂಬೆ ಉಪ್ಪಿನ ನೀರು ಚೆಲ್ಲಿದ ಜಾಗದಲ್ಲಿ ಕಲೆ ಉಳಿದು ಮನೆಯವರ ಬೈಗುಳ ತಪ್ಪುವುದಿಲ್ಲ.

ಖಾಲಿ ಮಾಡಿದ ಮೇಲೆ ಅಡುಗೆ ಸೋಡಾ ನೀರಿನಿಂದ ತೊಳೆದು, ಮತ್ತೆ ಬರೀ ನೀರಲ್ಲಿ ಜಾಲಿಸಿ. ಜಾಸ್ತಿ ಜನ ಕೆಡಿಸುವುದು ಇಲ್ಲೇ. ತೊಳೆದ ಟ್ಯಾಂಕ್ ಹಾಗೇ ಇಟ್ಟು ಚಹಾ ಕುಡಿಯಲು ಹೋದರೆ, ಬರುವಷ್ಟರಲ್ಲಿ ಒಳಗೆ ಕೆಂಪಗೆ ಹೊಸ ತುಕ್ಕು ಹಿಡಿದಿರುತ್ತದೆ. ಕೂಡಲೇ ಬ್ಲೋವರ್ ಹಿಡಿದು ಒಣಗಿಸಿ. ಟ್ಯಾಂಕ್ ಆರಿ ತಣ್ಣಗಾದ ಮೇಲೆ ಸ್ವಲ್ಪ ಇಂಜಿನ್ ಆಯಿಲ್ ಹಾಕಿ ಎಲ್ಲ ಮೂಲೆಗೂ ತಿರುಗಿಸಿ. ಪೆಟ್ರೋಲ್ ತುಂಬುವ ಮೊದಲು ಆ ಆಯಿಲ್ ಬಸಿದುಬಿಡಿ.

ಹೊರಗಡೆ ಹಳೇ ಪೇಂಟ್ ಉಜ್ಜಿ, ಡೆಂಟ್‌ಗೆ ತೆಳ್ಳಗೆ ಪುಟ್ಟಿ, ಪ್ರೈಮರ್, ಆಮೇಲೆ 800 ನಂಬರ್ ವಾಟರ್ ಪೇಪರ್ (ನೀರು ಹಚ್ಚಿ ಉಜ್ಜುವ ನಯವಾದ ಉಪ್ಪು ಕಾಗದ). ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಮಧ್ಯಾಹ್ನ ಸ್ಪ್ರೇ ಮಾಡಿದರೆ ಪೇಂಟ್ ತಗಡು ಮುಟ್ಟುವ ಮೊದಲೇ ಅರೆ ಒಣಗಿ, ಮುಟ್ಟಿದರೆ ಮರಳು ಮರಳಾಗಿರುತ್ತದೆ. ಗಾಳಿ ಏಳುವ ಮುಂಚೆ, ಬೆಳಗ್ಗೆ ಬೇಗ ಹೊಡೆಯಿರಿ. ಡಬ್ಬಿಯ ಸಾದಾ ಲ್ಯಾಕರ್ ಬೇಡ, ಪೆಟ್ರೋಲ್ ಹನಿ ಬಿದ್ದರೆ ಕರಗುತ್ತದೆ. ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಕ್ಲಿಯರ್ ಕೋಟ್, ಅಂದರೆ ಪೇಂಟ್ ಮೇಲಿನ ಬಣ್ಣವಿಲ್ಲದ ಲೇಪ ತನ್ನಿ. ಅದರ ಆವಿಗೆ ಕರವಸ್ತ್ರ ಸಾಲುವುದಿಲ್ಲ, ಫಿಲ್ಟರ್ ಇರುವ ಮಾಸ್ಕ್ ಬೇಕು.

ಬಣ್ಣ ಬೇರೆಯಾದರೆ ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಿ.  ಕಿವಿ ಹರಿಯುವ ಸೈಲೆನ್ಸರ್ ಮಾತ್ರ ಹಾಕಬೇಡಿ, ದಂಡ ಬೀಳುತ್ತದೆ, ಓಣಿಯವರ ಶಾಪ ಬೇರೆ.

ಕೊನೆಗೆ ಪೆಟ್ರೋಲ್ ಪೈಪ್, ಕಾಕ್ ವಾಷರ್ ಹೊಸದು ಹಾಕಿ, ಪೈಪಿನ ಮಧ್ಯೆ ಒಂದು ಫಿಲ್ಟರ್ ಕೂರಿಸಿ. ಒಂದು ಲೀಟರ್ ಪೆಟ್ರೋಲ್ ಹಾಕಿ, ಕಾಕ್ ಕೆಳಗೆ ಒಣ ಕಾಗದ ಇಟ್ಟು ಸ್ವಲ್ಪ ಹೊತ್ತು ಕಾಯಿರಿ. ಕಾಗದ ಒದ್ದೆಯಾಗದಿದ್ದರೆ ಕಿಕ್ ಹೊಡೆಯಬಹುದು.