ಗಾರ್ಮೆಂಟ್ಸ್ ಲೈನಿನಲ್ಲಿ ಪೀಸುಗಳ ರಾಶಿ ಕರಗಿಸುವ ಬಗೆ

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಟಾರ್ಗೆಟ್ ತಪ್ಪಿದ ದಿನ ಮೊದಲು ಕೇಳಿಬರುವ ದೂರು ಟೈಲರ್‌ಗಳು ನಿಧಾನ ಎಂಬುದು. ಪೀಣ್ಯದಲ್ಲಾಗಲಿ ಬೊಮ್ಮನಹಳ್ಳಿಯಲ್ಲಾಗಲಿ, ಲೈನಿನ, ಅಂದರೆ ಹೊಲಿಗೆ ಮಿಷನ್‌ಗಳ ಸಾಲಿನ, ಪಕ್ಕದಲ್ಲಿ ಒಂದು ಗಂಟೆ ಸುಮ್ಮನೆ ನಿಂತು ನೋಡಿದರೆ ಮಿಷನ್‌ಗಳ ನಡುವೆ ಬೆಳೆಯುತ್ತಿರುವ ಅರೆಹೊಲಿಗೆಯ ಪೀಸುಗಳ ರಾಶಿ ಕಣ್ಣಿಗೆ ಬೀಳುತ್ತದೆ. ವ್ಯರ್ಥವನ್ನು ಹುಡುಕಿ ಕಳೆಯುವ ಲೀನ್ ಪದ್ಧತಿಯನ್ನು ಅಳವಡಿಸಲು ಹೊರಟವರು ಈ ರಾಶಿಯಿಂದಲೇ ಆರಂಭಿಸುವುದು ಒಳ್ಳೆಯದು.

ಮೊದಲು ಇಂದಿನ ಸ್ಥಿತಿಯನ್ನು ಲೆಕ್ಕ ಹಾಕಿ. 30 ಟೈಲರ್‌ಗಳ ಲೈನು 480 ನಿಮಿಷದ ಪಾಳಿಯಲ್ಲಿ 360 ಶರ್ಟು ಹೊಲಿಯುತ್ತದೆ, ಒಂದು ಶರ್ಟಿಗೆ ನಿಗದಿಯಾದ ಸಮಯ 20 ನಿಮಿಷ ಎಂದುಕೊಳ್ಳೋಣ. ದುಡಿದ 14,400 ನಿಮಿಷಗಳಲ್ಲಿ ಶರ್ಟಾಗಿ ಹೊರಬಂದದ್ದು 7,200 ನಿಮಿಷ, ದಕ್ಷತೆ ಶೇ. 50. ಲೈನಿನೊಳಗೆ 450 ಪೀಸುಗಳಿದ್ದರೆ, ಗಂಟೆಗೆ 45ರಂತೆ, ಈಗ ಫೀಡ್ ಮಾಡಿದ, ಅಂದರೆ ಲೈನಿಗೆ ಹಾಕಿದ, ಪೀಸು ಹೊರಬರಲು ಹತ್ತು ಗಂಟೆ ಬೇಕು. ಕಾಲರ್ ಹೊಲಿಗೆಯಲ್ಲಿ ಬೆಳಿಗ್ಗೆ ಆದ ತಪ್ಪು ಕೊನೆಯ ಚೆಕಿಂಗ್ ಟೇಬಲ್ಲಿಗೆ ತಲುಪುವುದು ಮರುದಿನ. ಅಷ್ಟರಲ್ಲಿ ಅದೇ ತಪ್ಪು ಎಷ್ಟು ಪೀಸುಗಳಲ್ಲಿ ಆಗಿರುತ್ತದೆಂಬುದನ್ನು ಆಲ್ಟ್ರೇಷನ್ (ಬಿಚ್ಚಿ ಸರಿಪಡಿಸುವ ಕೆಲಸ) ಮಾಡಲು ಕುಳಿತವರೇ ಬಲ್ಲರು.

ಬಳಿಕ ಸ್ಟಾಪ್‌ವಾಚ್ ಹಿಡಿದು ಪ್ರತಿ ಆಪರೇಷನ್ನನ್ನೂ (ಹೊಲಿಗೆಯ ಒಂದೊಂದು ಹಂತವನ್ನೂ) ಕನಿಷ್ಠ ಹತ್ತು ಸಲ ಅಳೆಯಿರಿ. ಏನನ್ನು, ಏಕೆ ಅಳೆಯುತ್ತಿದ್ದೀರೆಂದು ಟೈಲರಿಗೆ ಮೊದಲೇ ಹೇಳಬೇಕು. ಉಳಿದ ಆಪರೇಷನ್‌ಗಳಿಗೆ ಸುಮಾರು 55 ಸೆಕೆಂಡ್, ಕಾಲರ್ ಜೋಡಣೆಗೆ 80 ಸೆಕೆಂಡ್ ಆಗುತ್ತಿದ್ದರೆ, ಗಂಟೆಗೆ 45 ಏಕೆ ದಾಟುತ್ತಿಲ್ಲವೆಂಬುದಕ್ಕೆ ಉತ್ತರ ಅಲ್ಲೇ ಇದೆ. ಹಿಂದಿನವರು ಎಷ್ಟೇ ವೇಗವಾಗಿ ಹೊಲಿದರೂ ಕಾಲರಿನ ಮುಂದೆ ರಾಶಿ ಬೆಳೆಯುತ್ತದೆಯೇ ಹೊರತು ಶರ್ಟು ಹೆಚ್ಚುವುದಿಲ್ಲ. ಆ ಟೈಲರಿನ ಕೈಗಳನ್ನು ಗಮನಿಸಿ: ಬಂಡಲ್ (ಪೀಸುಗಳ ಕಟ್ಟು) ಬಿಚ್ಚುವುದು, ಬಾಡಿಗೂ ಕಾಲರಿಗೂ ನಂಬರ್ ಹೊಂದಿಸುವುದು, ದಾರ ಕತ್ತರಿಸುವುದು ಎಲ್ಲವೂ ಅವರದೇ. ಇವನ್ನು ಹೆಲ್ಪರಿಗೆ ವಹಿಸಿ 15 ಸೆಕೆಂಡ್ ಉಳಿಸಿದರೆ, ಹೊಲಿಗೆಯ ವೇಗ ಕಿಂಚಿತ್ತೂ ಏರದೆ ಗಂಟೆಗೆ 55 ಪೀಸು ಸಾಧ್ಯ.

ಈಗ ಬಂಡಲನ್ನು ಚಿಕ್ಕದು ಮಾಡಿ: ಇಪ್ಪತ್ತರ ಬಂಡಲ್ ಹತ್ತಕ್ಕೆ, ಲೈನು ಹೊಂದಿಕೊಂಡ ಮೇಲೆ ಐದಕ್ಕೆ. ಎರಡು ಮಿಷನ್‌ಗಳ ನಡುವೆ ಎರಡಕ್ಕಿಂತ ಹೆಚ್ಚು ಬಂಡಲ್ ನಿಲ್ಲಕೂಡದೆಂದು ಗೊತ್ತುಮಾಡಿ, ತುಂಬಿದಾಗ ಹಿಂದಿನ ಟೈಲರ್ ಹೊಲಿಗೆ ನಿಲ್ಲಿಸಿ ಮುಂದಿನವರಿಗೆ ನೆರವಾಗಲಿ. ಕೈ ಖಾಲಿ ಇರುವವರನ್ನು ಕಂಡು ಗದರುವ ಅಭ್ಯಾಸವಿರುವ ಕಡೆ ಈ ನಿಯಮ ವಾರವೂ ಬಾಳುವುದಿಲ್ಲ. ಆದ್ದರಿಂದ ಮೊದಲು ಮೇಲ್ವಿಚಾರಕರನ್ನು ಒಪ್ಪಿಸಬೇಕು.

ತಪ್ಪು ಕಂಡಾಗ ಲೈನು ನಿಲ್ಲಿಸುವ ಅಧಿಕಾರ ಟೈಲರಿಗಿರಲಿ. ಇದು ಕಾರು ಕಾರ್ಖಾನೆಯಿಂದ ತಂದ ಹೊಸ ರಿವಾಜೆಂದು ಹಲವರು ತಿಳಿದಿದ್ದಾರೆ. ಆದರೆ ಇದರ ಮೂಲ ಜಪಾನಿನ ಸಾಕಿಚಿ ಟೊಯೊಡಾ ಅವರು 1924ರಲ್ಲಿ ಪೂರ್ಣಗೊಳಿಸಿದ, ನೂಲು ಹರಿದೊಡನೆ ತಾನಾಗಿ ನಿಲ್ಲುವ ಮಗ್ಗದಲ್ಲಿದೆ. ಲೀನ್‌ಗೆ ಮೂಲವಾದ, ಟೊಯೊಟಾ ಕಾರು ಕಂಪನಿಯ ಪದ್ಧತಿಯನ್ನು ಕಟ್ಟಿದ ತೈಇಚಿ ಓನೊ ಕೂಡ ಮೊದಲು ದುಡಿದದ್ದು ನೂಲುವ-ನೇಯುವ ಕಂಪನಿಯಲ್ಲಿಯೇ.

ಒಂದು ಮಾತನ್ನು ಒತ್ತಿ ಹೇಳಬೇಕಿದೆ. ನೀರು ಕುಡಿಯಲು, ಶೌಚಾಲಯಕ್ಕೆ ಹೋಗಲು ಎದ್ದ ಹೊತ್ತನ್ನು ವ್ಯರ್ಥವೆಂದು ಬರೆದುಕೊಳ್ಳುವುದು ಲೀನ್ ಅಲ್ಲ; ನಿಗದಿತ ಸಮಯದಲ್ಲೇ ಅದಕ್ಕೂ ಆಯಾಸಕ್ಕೂ ಪಾಲು ಸೇರಿರುತ್ತದೆ. ಹುಡುಕಬೇಕಾದ ವ್ಯರ್ಥ ಬಾಬಿನ್ನಿಗಾಗಿ ಕಾಯುವುದರಲ್ಲಿ, ಸೂಜಿ ಮುರಿದಾಗ ಸ್ಟೋರಿಗೆ ಅಲೆಯುವುದರಲ್ಲಿ, ಬಿಚ್ಚಿ ಮರುಹೊಲಿಯುವುದರಲ್ಲಿ ಇದೆ.

ಹೊಲಿಯುವ ಉಡುಪಿನ ಸ್ಟೈಲ್ ಬದಲಾಗುವ ದಿನ ಬಹಳಷ್ಟು ಹೊತ್ತು ಸೋರಿಹೋಗುತ್ತದೆ. ಹಳೆಯ ಸ್ಟೈಲಿನ ಕೊನೆಯ ಬಂಡಲ್ ಲೈನಿನಲ್ಲಿರುವಾಗಲೇ ಹೊಸದರ ದಾರ, ಬಟ್ಟೆಯಂಚು ಮಡಚುವ ಫೋಲ್ಡರ್, ಸೂಜಿ, ಒಪ್ಪಿಗೆಯಾದ ಸ್ಯಾಂಪಲ್ ಎಲ್ಲವನ್ನೂ ಟ್ರಾಲಿಯಲ್ಲಿ ಜೋಡಿಸಿಟ್ಟು, ಖಾಲಿಯಾದ ಮಿಷನ್ನನ್ನು ಒಂದೊಂದಾಗಿ ಬದಲಿಸುತ್ತ ಬನ್ನಿ. ಹೊಸ ಸ್ಟೈಲಿನ ಮೊದಲ ಪೀಸನ್ನು ಪ್ರತಿ ಮಿಷನ್ನಿನಲ್ಲೂ ಪರಿಶೀಲಿಸಿದ ನಂತರವೇ ಎರಡನೆಯದನ್ನು ಫೀಡ್ ಮಾಡಿಸಿ.