ಲೆಕ್ಕದ ಪುಸ್ತಕ ತೆರೆದಿಟ್ಟು ಟೀಚರ್‌ಗಳ ಜೊತೆ ಕೂತೆವು

2022ರ ನವೆಂಬರ್‌ನಲ್ಲಿ ಒಂದು ಸಂಜೆ ನನ್ನ ಕೈಗೆ ಎರಡು ಪುಟದ ಕಾಗದ ಬಂತು. ಕೆಳಗೆ 24 ಸಹಿ. ನಮ್ಮ ಶಾಲೆಯಲ್ಲಿ ಇದ್ದದ್ದೇ 24 ಟೀಚರ್‌ಗಳು.

ನಾನು ಉಡುಪಿ ಹತ್ತಿರದ ಒಂದು ಅನುದಾನರಹಿತ ಶಾಲೆಯ ಸಂಚಾಲಕ. ಬ್ಯಾಂಕಿನಲ್ಲಿ 34 ವರ್ಷ ದುಡಿದು 2019ರಲ್ಲಿ ನಿವೃತ್ತನಾದೆ. ಎರಡು ವರ್ಷ ಬಿಟ್ಟು ಆಡಳಿತ ಮಂಡಳಿಯವರು ಕರೆದರು, ಹೋದೆ. ಕಾಗದದಲ್ಲಿ ಇದ್ದದ್ದು ಇಷ್ಟು: ಮೇ ತಿಂಗಳಿಗೂ ಸಂಬಳ ಬೇಕು. ಕೋವಿಡ್ ಕಾಲದ ಏಳು ತಿಂಗಳು ಹಿಡಿದಿಟ್ಟ ಅರ್ಧ ಸಂಬಳ ವಾಪಸ್ ಬೇಕು. ಎಲ್ಲರಿಗೂ ನೇಮಕಾತಿ ಪತ್ರ ಬೇಕು. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಸಿಗುವ ಹಣ, ಬೇಕು. ಸಂಬಳ ಶೇ. 25 ಏರಬೇಕು.

ಮಂಡಳಿಯ ಸಭೆಯಲ್ಲಿ ಮೊದಲು ಬಂದ ಮಾತು, "ಕಾನೂನು ಏನು ಹೇಳ್ತದೆ?" ವಕೀಲರನ್ನು ಕೇಳಿದೆವು. ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ, ಗೋವಾದ ಒಬ್ಬ ಶಿಕ್ಷಕಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1988ರಲ್ಲೇ ಹಾಗೆ ಹೇಳಿದೆ ಎಂದರು. ಅಂದರೆ ಕಾರ್ಖಾನೆಯವರ ಹಾಗೆ ಲೇಬರ್ ಆಫೀಸಿಗೆ ಹೋಗಿ ಆಡಳಿತದವರನ್ನು ಮಾತುಕತೆಗೆ ಎಳೆಯುವ ದಾರಿ ಅವರಿಗಿರಲಿಲ್ಲ. ಕೆಲಸದಿಂದ ತೆಗೆದರೆ ಕರ್ನಾಟಕ ಶಿಕ್ಷಣ ಕಾಯ್ದೆಯ ಕಲಂ 94ರಂತೆ ಮೇಲ್ಮನವಿ ಹೋಗಬಹುದು. ಆದರೆ ಸಂಬಳ ಏರಿಸಿ ಎಂದು ಕೇಳಿದಾಗ ಕೂತು ಮಾತಾಡಲೇಬೇಕು ಎಂಬ ಕಟ್ಟುಪಾಡು ನಮಗಿರಲಿಲ್ಲ. ಸಭೆಯಲ್ಲಿ ಕೆಲವರಿಗೆ ಇದು ಸಮಾಧಾನ ತಂದಿತು. ನನಗೆ ತರಲಿಲ್ಲ. ಮೇಲೆ ಹೋಗಿ ಕೇಳುವ ಜಾಗ ಇಲ್ಲದವರು ನಮ್ಮನ್ನಲ್ಲದೆ ಇನ್ಯಾರನ್ನು ಕೇಳಬೇಕು?

ಆದರೂ ನಾನೇ ಒಂದು ತಪ್ಪಿಗೆ ಒಪ್ಪಿದೆ. "ಒಟ್ಟಿಗೆ ಕರೆಯೋದು ಬೇಡ, ಒಬ್ಬೊಬ್ಬರನ್ನೇ ಕರೆದು ಮಾತಾಡಿ" ಎಂದು ಹಿರಿಯರೊಬ್ಬರು ಹೇಳಿದರು. ಡಿಸೆಂಬರ್‌ನಲ್ಲಿ ಮೂವರನ್ನು ಬೇರೆ ಬೇರೆ ದಿನ ನನ್ನ ಕೋಣೆಗೆ ಕರೆದೆ. ಮೂರನೆಯವರು ಗಣಿತದ ಟೀಚರ್. 18 ವರ್ಷ ನಮ್ಮಲ್ಲೇ ಇದ್ದವರು. ಕೂರಲೇ ಇಲ್ಲ. "ಸರ್, ಕಾಗದ ಎಲ್ಲರದ್ದು. ಉತ್ತರ ನನಗೊಬ್ಬಳಿಗೆ ಯಾಕೆ?" ಎಂದರು. ನನ್ನ ಮುಖ ಸಣ್ಣದಾಯಿತು. ಬ್ಯಾಂಕಿನಲ್ಲಿ ನಾನು ಯೂನಿಯನ್ ಕೆಲಸ ಮಾಡುತ್ತಿದ್ದಾಗ ಒಬ್ಬ ಮ್ಯಾನೇಜರ್ ನಮಗೆ ಹೀಗೇ ಮಾಡಿದ್ದರು. ಆಗ ಎಷ್ಟು ಸಿಟ್ಟು ಬಂದಿತ್ತು ಎಂಬುದು ಇಂದಿಗೂ ನೆನಪಿದೆ. ಜನವರಿಯಲ್ಲಿ ಇಬ್ಬರು ಟೀಚರ್‌ಗಳು ವರ್ಷದ ನಡುವೆಯೇ ಬಿಟ್ಟು ಹೋದರು. ಅದಕ್ಕೆ ನನ್ನ ಆ ಕೆಲಸವೂ ಒಂದು ಕಾರಣ ಎಂದೇ ನಾನು ತಿಳಿದಿದ್ದೇನೆ.

ಬ್ಯಾಂಕ್ ನೌಕರರಿಗೆ 1966ರಿಂದ ದ್ವಿಪಕ್ಷೀಯ ಒಪ್ಪಂದ, ಅಂದರೆ ಯೂನಿಯನ್ ಮತ್ತು ಬ್ಯಾಂಕ್ ಆಡಳಿತದ ನಡುವಿನ ಸಂಬಳದ ಒಪ್ಪಂದ ಇದೆ. ಅವಧಿ ಮುಗಿಯುವಾಗ ಬೇಡಿಕೆ ಪಟ್ಟಿ ಹೋಗುತ್ತದೆ, ಎರಡೂ ಕಡೆಯವರು ಕೂರುತ್ತಾರೆ, ಸಹಿ ಆಗುತ್ತದೆ. ಕೆಲವು ಸಲ ವರ್ಷಗಟ್ಟಲೆ ಎಳೆಯುತ್ತದೆ, ಆದರೂ ಆಗುತ್ತದೆ. ನಮ್ಮ ಜಿಲ್ಲೆಗಳಲ್ಲಿ ಬ್ಯಾಂಕಿನವರಿಲ್ಲದ ಮನೆ ಹುಡುಕುವುದೇ ಕಷ್ಟ, ಹಾಗಾಗಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದೇ ಕ್ರಮವನ್ನು ಸಣ್ಣದಾಗಿ ಶಾಲೆಗೂ ತರೋಣ ಎಂದು ಮಂಡಳಿಗೆ ಹೇಳಿದೆ. ಒಪ್ಪಿಸಲು ಎರಡು ಸಭೆ ಬೇಕಾಯಿತು.

ಟೀಚರ್‌ಗಳು ತಾವೇ ನಾಲ್ವರನ್ನು ಆರಿಸಿದರು. ಹೊಸದಾಗಿ ಸೇರಿದವರು ಒಬ್ಬರಾದರೂ ಇರಲಿ ಎಂದಷ್ಟೇ ನಾವು ಕೇಳಿದೆವು. ನಮ್ಮ ಕಡೆಯಿಂದ ನಾನು, ಖಜಾಂಚಿ, ಇನ್ನೊಬ್ಬ ಸದಸ್ಯರು. ಹೆಚ್‌ಎಂ ಮೇಡಂ ಎಲ್ಲಿ ಕೂರಬೇಕು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಅವರು ಸಂಬಳ ತಗೊಳ್ಳುವವರೂ ಹೌದು, ಆಡಳಿತ ನಡೆಸುವವರೂ ಹೌದು. ಯಾವ ಕಡೆಗೂ ಬೇಡ, ನಡಾವಳಿ ಬರೆಯಲಿ ಎಂದು ತೀರ್ಮಾನಿಸಿದೆವು. ಇದು ಒಳ್ಳೆಯದೇ ಆಯಿತು. ಪ್ರತಿ ಸಭೆಯ ಕೊನೆಗೆ ಅವರು ಬರೆದದ್ದನ್ನು ಓದುತ್ತಿದ್ದರು, ಎಲ್ಲರೂ ಅಲ್ಲೇ ಸಹಿ ಹಾಕುತ್ತಿದ್ದರು. "ನಾನು ಹಾಗೆ ಹೇಳಲಿಲ್ಲ" ಎಂಬ ಜಗಳ ಒಂದು ಸಲವೂ ಬರಲಿಲ್ಲ.

ಇನ್ನೊಂದು ವಿಷಯವನ್ನು ಸಂಚಾಲಕರಾಗಿರುವ ಎಲ್ಲರಿಗೂ ಒತ್ತಿ ಹೇಳುತ್ತೇನೆ. ಈ ಮಾತುಕತೆ ಜೂನ್‌ನಲ್ಲಿ ಮಾಡಬೇಡಿ. ಅಷ್ಟರಲ್ಲಿ ಆ ವರ್ಷದ ಶುಲ್ಕ ಗೊತ್ತುಮಾಡಿ ಪೋಷಕರಿಗೆ ತಿಳಿಸಿಯೂ ಆಗಿರುತ್ತದೆ. ಮತ್ತೆ ಕೂತರೆ ಕೊಡಲಿಕ್ಕೆ ಏನೂ ಇರುವುದಿಲ್ಲ. ನಾವು ಜನವರಿ ಕೊನೆಗೆ ಶುರುಮಾಡಿ ನಾಲ್ಕು ಶನಿವಾರ ಮಧ್ಯಾಹ್ನ ಕೂತೆವು. ಮಾರ್ಚ್‌ನಲ್ಲಿ ಶುಲ್ಕ ನಿಗದಿ ಮಾಡುವಾಗ ಸಂಬಳ ಎಷ್ಟು ಬೇಕೆಂದು ಕೈಯಲ್ಲಿ ಲೆಕ್ಕ ಇತ್ತು.

ಮೊದಲ ಶನಿವಾರ ಸುಮ್ನೆ ಹೋಯಿತು. ನಾವು ಶೇ. 6 ಎಂದೆವು, ಅವರು 25 ಎಂದರು. "ಟ್ಯೂಷನ್ ಮಾಡಬಾರದು ಅಂತ ಕಾಯ್ದೆಯೇ ಉಂಟು. ಮೇ ತಿಂಗಳಲ್ಲಿ ನಮ್ಮ ಒಲೆ ಹೇಗೆ ಉರಿಯಬೇಕು ಸರ್?" ಎಂದು ಹಿಂದಿ ಟೀಚರ್ ಕೇಳಿದರು. ಶಿಕ್ಷಣ ಹಕ್ಕು ಕಾಯ್ದೆಯ ಕಲಂ 28 ಅದನ್ನೇ ಹೇಳುತ್ತದೆ. ನಾವೇ ಅದನ್ನು ನೋಟಿಸ್ ಬೋರ್ಡಿಗೆ ಹಾಕಿದ್ದೆವು. ನಮ್ಮಲ್ಲಿ ಉತ್ತರ ಇರಲಿಲ್ಲ.

ಎರಡನೇ ಶನಿವಾರಕ್ಕೆ ಲೆಕ್ಕದ ಪುಸ್ತಕವನ್ನೇ ತೆಗೆದುಕೊಂಡು ಹೋದೆ. ಖಜಾಂಚಿಗೆ ಮನಸ್ಸಿರಲಿಲ್ಲ. "ಮನೆ ಲೆಕ್ಕ ಬೀದಿಗೆ ಹಾಕಿದ ಹಾಗೆ ಆಗ್ತದೆ ಮಾರಾಯ್ರೇ" ಎಂದರು. ಆದರೂ ಇಟ್ಟೆವು. ಬಂದ ನೂರು ರೂಪಾಯಿಯಲ್ಲಿ ಟೀಚರ್‌ಗಳ ಸಂಬಳಕ್ಕೆ 47, ಉಳಿದ ಸಿಬ್ಬಂದಿಗೆ 12, ಬಸ್ಸುಗಳಿಗೆ 16, ಕಟ್ಟಡದ ಸಾಲಕ್ಕೆ 10, ಉಳಿದದ್ದು ಕರೆಂಟು, ರಿಪೇರಿ, ಮತ್ತೊಂದು. ಕೋವಿಡ್ ಕಾಲದ್ದನ್ನೂ ತೋರಿಸಿದೆವು. 2021ರ ಜನವರಿಯಲ್ಲಿ ಸರಕಾರ ಬೋಧನಾ ಶುಲ್ಕದ ಶೇ. 70ನ್ನು ಮಾತ್ರ ತಗೊಳ್ಳಿ ಎಂದಿತ್ತು. ಅದೂ ಎಲ್ಲರಿಂದ ಬಂದಿರಲಿಲ್ಲ.

ಅವರು ಪುಟ ತಿರುವುತ್ತಾ ತುಂಬ ಹೊತ್ತು ಮಾತಾಡಲಿಲ್ಲ. ಮತ್ತೆ ಹೊಸ ಟೀಚರ್ ಬಸ್ಸಿನ ಪುಟದಲ್ಲಿ ಬೆರಳಿಟ್ಟರು. "ಸರ್, ಹಿರಿಯಡ್ಕದ ಬಸ್ಸಿನಲ್ಲಿ 12 ಮಕ್ಕಳು. ಪರ್ಕಳದ್ದರಲ್ಲಿ 19. ಆ ಬಸ್ಸು ಹೇಗೂ ಪರ್ಕಳ ದಾಟಿಯೇ ಬರೋದು ಅಲ್ವಾ?" ಮೊದಲು ಮಕ್ಕಳು ಜಾಸ್ತಿ ಇದ್ದಾಗ ಎರಡು ಬಸ್ಸು ಬೇಕಿತ್ತು. ಆಮೇಲೆ ಕಡಿಮೆಯಾದರು, ಬಸ್ಸು ಹಾಗೇ ಓಡುತ್ತಿತ್ತು. ದಿನಾ ಆ ಬಸ್ಸಿನಲ್ಲಿ ಬರುವವರಿಗೆ ಕಂಡದ್ದು ನಮಗೆ ಕಂಡಿರಲಿಲ್ಲ. 32 ಸೀಟಿನ ಒಂದೇ ಬಸ್ಸು ಸಾಕಾಯಿತು. ವರ್ಷಕ್ಕೆ ಸುಮಾರು ಐದು ಲಕ್ಷ ಉಳಿಯಿತು. ಎಲ್ಲರ ಮೇ ತಿಂಗಳ ಸಂಬಳಕ್ಕೆ ಬೇಕಾದದ್ದು ನಾಲ್ಕು ಲಕ್ಷದ ಒಳಗೆ.

ಅಲ್ಲಿಂದ ಮಾತು ಹಗುರವಾಯಿತು. ಸಂಬಳ ಮೊದಲ ವರ್ಷ ಶೇ. 12, ಮತ್ತೆ ಎರಡು ವರ್ಷ 7, 7 ಎಂದಾಯಿತು. ಶುಲ್ಕ ಶೇ. 8 ಏರಿಸಿದೆವು. ಪೋಷಕರ ಸಭೆಯಲ್ಲಿ ಅದು ಯಾತಕ್ಕೆ ಎಂದು ಬಿಡಿಸಿ ಹೇಳಿದೆವು. ಕೋವಿಡ್ ಕಾಲದ ಬಾಕಿ ಹತ್ತು ಲಕ್ಷದ ಹತ್ತಿರ ಇತ್ತು. ಮೂರು ಕಂತು, ಪ್ರತಿ ವರ್ಷ ಚೌತಿಗೆ ಮೊದಲು. ಬಿಟ್ಟು ಹೋದ ಆ ಇಬ್ಬರಿಗೂ ಕಳಿಸಿದೆವು.

ಗ್ರಾಚ್ಯುಟಿಯಲ್ಲಿ ಚೌಕಾಸಿ ಮಾಡುವ ಪ್ರಶ್ನೆಯೇ ಇರಲಿಲ್ಲ. ಗ್ರಾಚ್ಯುಟಿ ಕಾಯ್ದೆಯ 2009ರ ತಿದ್ದುಪಡಿ ಶಿಕ್ಷಕರಿಗೂ ಅದನ್ನು ಕೊಟ್ಟಿತ್ತು, ಅದೂ 1997ರ ಏಪ್ರಿಲ್ 3ರಿಂದ. ಖಾಸಗಿ ಶಾಲೆಗಳು ಪ್ರಶ್ನಿಸಿದ್ದವು, 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಕರ ಪರವಾಗಿ ತೀರ್ಪು ಕೊಟ್ಟಿತು. ಲೆಕ್ಕ ಸುಲಭ. ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಸೇವೆಯ ವರ್ಷಗಳಿಂದ ಗುಣಿಸಬೇಕು. ಗಣಿತದ ಟೀಚರ್ ಅಲ್ಲೇ ತಮ್ಮದನ್ನು ಹಾಕಿ ತೋರಿಸಿದರು. 18,000 ಸಂಬಳ, 18 ವರ್ಷ, 1,86,923 ರೂಪಾಯಿ. ನಮ್ಮಲ್ಲಿ ಅದಕ್ಕಾಗಿ ಒಂದು ರೂಪಾಯಿಯನ್ನೂ ತೆಗೆದಿಟ್ಟಿರಲಿಲ್ಲ. ಈಗ ಪ್ರತಿ ವರ್ಷ ಎಲ್‌ಐಸಿಯ ಗುಂಪು ಗ್ರಾಚ್ಯುಟಿ ಯೋಜನೆಗೆ ಕಟ್ಟುತ್ತಿದ್ದೇವೆ.

2023ರ ಮಾರ್ಚ್‌ನಲ್ಲಿ ಸಹಿ ಆಯಿತು. ಜೂನ್‌ನಿಂದ ಮೂರು ವರ್ಷದ ಒಪ್ಪಂದ. ಎಲ್ಲರ ಕೈಗೂ ನೇಮಕಾತಿ ಪತ್ರ ಕೊಟ್ಟೆವು. ಹತ್ತು ವರ್ಷ ದುಡಿದವರೊಬ್ಬರು ಅದನ್ನು ಹಿಡಿದುಕೊಂಡು ಅತ್ತರು. ಒಂದು ಹಾಳೆ ಕಾಗದಕ್ಕೆ ಅವರನ್ನು ಇಷ್ಟು ವರ್ಷ ಕಾಯಿಸಿದೆವಲ್ಲ ಎಂದು ನನಗೆ ತುಂಬ ಬೇಸರವಾಯಿತು.

ಮರುದಿನ ಬೆಳಿಗ್ಗೆ ಹಿರಿಯಡ್ಕದ ಬಸ್ಸಿನ ಡ್ರೈವರ್ ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಅವರನ್ನು ತೆಗೆದಿರಲಿಲ್ಲ, ಉಳಿದ ಬಸ್ಸುಗಳಿಗೆ ಬದಲಿ ಡ್ರೈವರ್ ಆಗಿ ಇಟ್ಟುಕೊಂಡಿದ್ದೆವು. ಸಂಬಳ ಅಷ್ಟೇ ಇತ್ತು. ಆದರೂ ಕೇಳಿದರು, "ನನ್ನ ಬಸ್ಸಿನ ಬಗ್ಗೆ ಮಾತಾಡುವಾಗ ನನ್ನನ್ನು ಕರೆಯಲಿಲ್ಲ ಅಲ್ವಾ ಸರ್?"

ಇಲ್ಲ, ಕರೆದಿರಲಿಲ್ಲ. ಡ್ರೈವರ್, ಆಯಾ, ಆಫೀಸಿನವರು ಯಾರೂ ಆ ಮೇಜಿನಲ್ಲಿ ಇರಲಿಲ್ಲ. ಅವರ ಹತ್ತಿರ ಕ್ಷಮೆ ಕೇಳಿದೆ. ಮುಂದಿನ ಒಪ್ಪಂದಕ್ಕೆ ಕೂರುವಾಗ ಅವರ ಕಡೆಯಿಂದ ಇಬ್ಬರು ಇರಬೇಕು ಎಂದು ಅದೇ ವಾರ ಹೆಚ್‌ಎಂ ಮೇಡಂ ಕೈಯಲ್ಲಿ ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿದೆ.